ಎದುರುಮನೆಯ ಅಳು

ಕತ್ತಿ ಕೈಯಲ್ಲಿದ್ದಾಗ ಅಳಬಾರದು. ನನ್ನಪ್ಪ ಕಸುಬು ಕಲಿಸುವಾಗ ಹೇಳಿಕೊಟ್ಟ ಮೊದಲನೇ ಪಾಠ ಇದೇ. ಬೇರೆ ಊರುಗಳಲ್ಲಿ ಕತ್ತಿ ಮಸೆಯೋದು, ನೊರೆ ಬರಿಸೋದು, ಗಿರಾಕಿ ಹೇಳಿದ್ದಕ್ಕೆಲ್ಲ ಹೂಂಗುಟ್ಟೋದು, ಇಂಥವನ್ನ ಮೊದಲು ಕಲಿಸುತ್ತಾರಂತೆ. ನಮ್ಮೂರಲ್ಲಿ ಹಾಗಲ್ಲ ಸ್ವಾಮಿ. ಇಲ್ಲಿ ಮಕ್ಕಳಿಗೆ ಹದಿಮೂರು ತುಂಬಿದ ದಿನದಿಂದ ಹದಿನೆಂಟರವರೆಗೆ ಅಳು, ಕೋಪ, ಭಯ, ನಗು ಯಾವುದೂ ಅವರಿಗೆ ಬರಲ್ಲ, ಎದುರುಮನೆಯವರಿಗೆ ಬರುತ್ತೆ. ಎದುರುಮನೆಯಲ್ಲೂ ಬೀದಿಬಾಗಿಲಿಗೆ ಯಾರು ಹತ್ತಿರ ಇರುತ್ತಾರೋ ಅವರಿಗೆ. ಒಮ್ಮೆ ಹಿಡಿದರೆ, ಇಳಿಯುವವರೆಗೆ ಅವರು ಹೋದಲ್ಲೆಲ್ಲ ಹಿಂದೆಯೇ ಬರುತ್ತೆ. ನನ್ನ ಕ್ಷೌರದಂಗಡಿ ಇರೋದೇ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ನನ್ನ ಗತಿ ಏನು ಅಂತ ನೀವೇ ಯೋಚಿಸಿ.

ಆದರೂ ಹನ್ನೊಂದು ವರ್ಷ ನನ್ನ ಅದೃಷ್ಟ ನೆಟ್ಟಗಿತ್ತು. ಎದುರುಮನೆಯಲ್ಲಿದ್ದದ್ದು ಒಬ್ಬ ರಿಟೈರಾದ ಶಿರಸ್ತೇದಾರರು, ಅವರ ತಂಗಿ. ಇಬ್ಬರಿಗೂ ಸೇರಿ ನೂರೈವತ್ತು ವರ್ಷ. ಆ ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ಕೆನ್ನೆಗೂ ಗೀರು ಬೀಳಲಿಲ್ಲ. ಅವರು ಮನೆ ಖಾಲಿ ಮಾಡಿದ ಮೇಲೆ ತಿಪ್ಪೇಶ, ವನಜಾಕ್ಷಿ ಅನ್ನೋ ಗಂಡ ಹೆಂಡತಿ ಬಂದರು. ಸಾಮಾನು ಇಳಿಸುತ್ತಿದ್ದಾಗಲೇ ಹೋಗಿ ಕೇಳಿದೆ, "ಮಕ್ಕಳೆಷ್ಟು?"

"ಒಬ್ಬಳೇ. ಇಂಚರ ಅಂತ," ಅಂದಳು ವನಜಾಕ್ಷಿ.

"ವಯಸ್ಸು?" ಅಂದೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬೀರು ಎತ್ತೋಕೆ ಬಗ್ಗಿದರು. ಕೊನೆಗೆ ಬೀರುವಿನ ಹಿಂದಿನಿಂದ ಉತ್ತರ ಬಂತು. ಹನ್ನೆರಡು ವರ್ಷ, ಹನ್ನೊಂದು ತಿಂಗಳು.

ಹದಿಮೂರು ತುಂಬಿದ ಮಕ್ಕಳ ಮುಖ ನೋಡಿ ಹೆತ್ತವರಿಗೆ ಏನೂ ತಿಳಿಯಲ್ಲ. ತೊಳೆದಿಟ್ಟ ತಟ್ಟೆ ಥರ ಇರುತ್ತೆ. ಅದಕ್ಕೇ ನಮ್ಮೂರಲ್ಲಿ ವರದಿ ಅನ್ನೋ ಪದ್ಧತಿ. ಸಂಜೆ ಏಳಕ್ಕೆ ಎದುರುಮನೆಯವರು ಹೋಗಿ ಕೂತು, ಕಾಫಿ ಕುಡಿದು, "ನಿಮ್ಮ ಮಗುವಿಗೆ ಇಷ್ಟು ಹೊತ್ತಿಗೆ ಇಂಥದ್ದು ಬಂತು" ಅಂತ ಒಪ್ಪಿಸಬೇಕು. ಮಂಗಳವಾರ ಮಾತ್ರ ರಜೆ, ಅವತ್ತು ಇನ್ನೊಬ್ಬರ ಮನೆ ಮಾತು ಆಡಬಾರದು. ಇನ್ನೊಂದು ಕಟ್ಟುನಿಟ್ಟು ಏನಂದ್ರೆ, ಬಂದಿರುವಾಗ ಹೋಗಕೂಡದು. ಅಳು ಬರಲಿ ಕೋಪ ಬರಲಿ, ನಮ್ಮ ಬಾಗಿಲು ನಾವು ಹಾಕಿಕೊಂಡು ಅನುಭವಿಸಿ, ಇಳಿದ ಮೇಲೆ ಮುಖ ತೊಳೆದು ತಲೆ ಬಾಚಿ ಮರ್ಯಾದೆಯಾಗಿ ಹೋಗಬೇಕು. ಕಣ್ಣೊರೆಸಿಕೊಳ್ಳುತ್ತಾ ಇನ್ನೊಬ್ಬರ ಹೊಸ್ತಿಲು ದಾಟಿದರೆ, ಬನಿಯನ್‌ನಲ್ಲಿ ಮದುವೆಗೆ ಹೋದಷ್ಟೇ ಅವಮಾನ. ನಮ್ಮ ಅಜ್ಜಂದಿರ ಕಾಲದಿಂದ ಹೀಗೇ ನಡೆದು ಬಂದಿತ್ತು.

ಮೊದಮೊದಲು ಅಂಥ ಕಷ್ಟ ಏನಿರಲಿಲ್ಲ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತರೆ ನನ್ನ ಮೂಗು ದಪ್ಪ ಅನಿಸೋದು. ಐವತ್ತೆರಡು ವರ್ಷ ನನ್ನ ಜೊತೆ ಇದ್ದ ಮೂಗು, ಒಂದು ದಿನವೂ ಅದರ ಬಗ್ಗೆ ಯೋಚಿಸಿದವನಲ್ಲ. ಈಗ ಅದನ್ನು ಬೊಟ್ಟಿನಿಂದ ಒತ್ತಿ, ಪಕ್ಕಕ್ಕೆ ತಿರುಗಿ, ಅರ್ಧ ಗಂಟೆ ನೋಡುತ್ತಾ ನಿಲ್ಲುತ್ತಿದ್ದೆ. ಗಲ್ಲದ ಮೇಲೆ ಇಲ್ಲದ ಮೊಡವೆಯ ಚಿಂತೆ. ಇಸ್ಕೂಲು ಬಿಡುವ ಹೊತ್ತಿಗೆ, ಈ ಲೋಕದಲ್ಲಿ ನನ್ನ ಜೊತೆ ಟಿಫನ್ ಹಂಚಿಕೊಳ್ಳೋರು ಯಾರೂ ಇಲ್ಲ ಅನ್ನೋ ಸಂಕಟ. ನನ್ನ ಹೆಂಡತಿ ಚೆನ್ನಾಜಮ್ಮ ಒಳಗಿನಿಂದ ಇಣುಕಿ, "ಅಯ್ಯೋ ರಾಮ, ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ನಿಮಗೆ ಮೊಡವೆ ಚಿಂತೆ!" ಅಂತ ನಗೋಳು. ಒಂದು ದಿನ ನೀನು ಬಂದು ಮುಂದೆ ಕೂರೇ, ನಾನು ಅಡುಗೆಮನೆಗೆ ಹೋಗ್ತೀನಿ ಅಂದರೆ, "ನಂದೇ ನಂಗೆ ಹಾಸಿ ಹೊದೆಯೋಷ್ಟಿದೆ, ಇನ್ನೊಬ್ಬರದ್ದು ಯಾಕೆ?" ಅಂತ ಹಿಂದಕ್ಕೇ ಹೋಗಿಬಿಡೋಳು.

ಕಷ್ಟ ಶುರುವಾದದ್ದು ತಿಪ್ಪೇಶನಿಗೆ ಕೆಲಸ ಹೋದ ಮೇಲೆ. ಅವನು ಬಸ್ ಡಿಪೋದಲ್ಲಿ ಟೈಂ ಕೀಪರ್. ಏನೋ ತಕರಾರಾಗಿ ಮನೆಗೆ ಕಳಿಸಿದರು. ವನಜಾಕ್ಷಿ ಹಗಲೆಲ್ಲ ಇಸ್ಕೂಲು ಮಕ್ಕಳ ಯೂನಿಫಾರಂ ಹೊಲಿಯೋಳು. ಅವನು ಹಗಲೆಲ್ಲ ಕುರ್ಚಿಯಲ್ಲಿ ಕೂತು, ಬೀದಿಯಲ್ಲಿ ಹೋಗೋ ಬಸ್ಸು ಎಷ್ಟು ನಿಮಿಷ ತಡ ಅಂತ ಗೊಣಗೋನು. ಯಾವತ್ತೋ ಒಂದು ಮಾತಿಗೆ ಮಾತು ಬೆಳೆದು ಗಂಡ ಹೆಂಡತಿ ಮಾತು ಬಿಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ನಮ್ಮೂರಲ್ಲಿ ಬಡವಾಗೋನು ಎದುರುಮನೆಯೋನು. ಹೆಚ್ಚೂಕಮ್ಮಿ ದಿನಾ ಸಂಜೆ ಏಳೂಕಾಲಿಗೆ ಸರಿಯಾಗಿ ನನ್ನ ಹೊಟ್ಟೆಯೊಳಗೆ ರುಬ್ಬುಗುಂಡು ಕೂತ ಹಾಗಾಗೋದು. ಮೊದಲು ಅಜೀರ್ಣ ಅಂದುಕೊಂಡು ಎರಡು ವಾರ ಜೀರಿಗೆ ಕಷಾಯ ಕುಡಿದೆ. ಆಮೇಲೆ ಕಷಾಯ ಕುಡಿಯುತ್ತಲೇ ಬಿಕ್ಕಿ ಬಿಕ್ಕಿ ಅಳೋದಕ್ಕೆ ಶುರುವಾದಾಗ, ಇದು ಹೊಟ್ಟೆಯದ್ದಲ್ಲ ಅಂತ ಗೊತ್ತಾಯಿತು.

ಅಳು ಸಂಜೆಗೆ ಮಾತ್ರ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಹಗಲೂ ಆಗಾಗ ಒದ್ದುಕೊಂಡು ಬರೋದು. ಒಬ್ಬ ಮದುವೆ ಗಂಡು ಮೀಸೆ ಟ್ರಿಮ್ ಮಾಡಿಸೋಕೆ ಕೂತಿದ್ದ. ಇದ್ದಕ್ಕಿದ್ದ ಹಾಗೆ ಅಳು ಒತ್ತರಿಸಿ ಬಂದು ಕತ್ತಿ ಜಾರಿತು, ಎಡಗಡೆ ಮೀಸೆ ಪೂರ್ತಿ ಹೋಯಿತು. ಸರಿ ಮಾಡೋಣ ಅಂತ ಬಲಗಡೆಯದ್ದೂ ತೆಗೆದೆ. ಮಂಟಪದಲ್ಲಿ ಹುಡುಗಿ ಕಡೆಯವರು, "ನಾವು ನೋಡಿ ಒಪ್ಪಿದ ಗಂಡು ಇವನಲ್ಲ" ಅಂತ ಮೂರು ಗಂಟೆ ಹಟ ಹಿಡಿದರಂತೆ. ಅಲ್ಲಿಂದ ನನ್ನ ಅಂಗಡಿಗೆ ಕಾಲಿಡೋರು ಕಡಿಮೆಯಾದರು. ತಲೆಯಲ್ಲಿ ಕೂದಲೇ ಇಲ್ಲದೋರು ಮಾತ್ರ ಧೈರ್ಯವಾಗಿ ಬರುತ್ತಿದ್ದರು, ಪೇಪರ್ ಓದೋಕೆ.

ಸಿಟ್ಟಲ್ಲಿ ನಾನು ವಾರ್ಡ್ ಮೆಂಬರ್ ಓಂಕಾರಪ್ಪನವರ ಹತ್ತಿರ ಒಂದು ತಕರಾರು ಅರ್ಜಿ ಕೊಟ್ಟೆ. ತಿಂಗಳು ಬಿಟ್ಟು ಎರಡನೇದೂ ಕೊಟ್ಟೆ. ಮೂರಾದರೆ ಆ ಮನೆಯವರು ಹದಿನೈದು ದಿನದಲ್ಲಿ ಗೋಡೆಸಾಲಿಗೆ ಹೋಗಬೇಕು. ಗೋಡೆಸಾಲು ಅಂದರೆ ಊರಾಚೆಯ ಒಂದೇ ಸಾಲು ಮನೆಗಳು, ಎದುರಿಗೆ ಹಳೇ ಉಗ್ರಾಣದ ಉದ್ದ ಗೋಡೆ. ಅಲ್ಲಿನ ಮಕ್ಕಳಿಗೆ ಬಂದದ್ದೆಲ್ಲ ಆ ಗೋಡೆಗೆ ಹೋಗುತ್ತೆ. ಗೋಡೆ ವರ್ಷಕ್ಕೆರಡು ಸಲ ಬಿರುಕು ಬಿಡುತ್ತೆ, ಪುರಸಭೆಯವರು ಹೋಗಿ ಮೆತ್ತಿ ಬರುತ್ತಾರೆ. ಗೋಡೆ ಯಾರಿಗೂ ವರದಿ ಕೊಡಲ್ಲವಲ್ಲ. ಅಲ್ಲಿ ಬೆಳೆದ ಮಕ್ಕಳು ಬಲು ಶಾಂತ. ಏನೂ ಕೇಳಲ್ಲ, ಏನೂ ಬೇಡ ಅನ್ನಲ್ಲ, ಕರೆದರೆ ಬರುತ್ತಾರೆ, ಕೂರು ಅಂದರೆ ಕೂರುತ್ತಾರೆ. ಅವರನ್ನು ಕಂಡರೆ ನನಗೆ ಮೈ ಜುಂ ಅನ್ನುತ್ತೆ.

ಎರಡನೇ ಅರ್ಜಿ ಕೊಟ್ಟ ಮಾರನೇ ದಿನ ಇಂಚರ ಇಸ್ಕೂಲಿಗೆ ಹೊರಟವಳು ನನ್ನ ಬಾಗಿಲಲ್ಲಿ ನಿಂತಳು. ಎರಡು ಜಡೆ, ಬೆನ್ನಿಗೆ ಅವಳಿಗಿಂತ ದಪ್ಪದ ಬ್ಯಾಗು. "ಮಾಮ, ನಿನ್ನೆ ಜಾಸ್ತಿ ಆಯ್ತಾ?" ಅಂತ ಕೇಳಿದಳು. ದನಿಯಲ್ಲಿ ಏರಿಲ್ಲ ಇಳಿವಿಲ್ಲ. ನಾನೋ ಬೆಳಿಗ್ಗೆಯಿಂದ ಬೋಣಿ ಆಗದೆ ಕುದಿಯುತ್ತಿದ್ದೆ. "ಜಾಸ್ತಿ ಆಗದೆ ಏನಮ್ಮ, ನಿಮ್ಮ ಮನೆ ಗೋಳು ನಾನ್ಯಾಕೆ ಹೊರಬೇಕು? ಹೋಗು ಹೋಗು," ಅಂತ ಗದರಿಬಿಟ್ಟೆ. ಅವಳು ಹೂಂ ಅಂತ ತಲೆಯಾಡಿಸಿ ಹೊರಟಳು. ನಾಲ್ಕು ಹೆಜ್ಜೆ ಹೋಗಿರಬೇಕು, ನಾನು ಟವೆಲ್ಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದೆ. ಬೈದವನೂ ನಾನೇ, ನೊಂದುಕೊಂಡವನೂ ನಾನೇ! ಇಂಥ ಶಿಕ್ಷೆ ಯಾವ ಪಾಪಿಗೂ ಬೇಡಪ್ಪ ಅನ್ನಿಸಿತು.

ಅದೇ ವಾರ ದೊಡ್ಡ ಊರಿನ ವಿಶ್ವವಿದ್ಯಾಲಯದಿಂದ ಸುನೀತಿ ಅನ್ನೋ ಮೇಡಂ ಬಂದರು. ಹರೆಯದ ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತೆ, ಕಷ್ಟದಲ್ಲಿರೋ ಸಂಸಾರಗಳಿಗೆ ಹೇಗೆ ಆಸರೆ ಕೊಡಬೇಕು ಅಂತ ಅವರ ಸಂಶೋಧನೆ. ಹೈಸ್ಕೂಲಿಗೆ ಹೋಗಿ ಇನ್ನೂರು ಮಕ್ಕಳಿಗೆ ಅರವತ್ತನಾಲ್ಕು ಪ್ರಶ್ನೆಯ ಹಾಳೆ ಹಂಚಿದರು. 'ನನ್ನನ್ನು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ ಎನಿಸುತ್ತದೆ: ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ.' ಇನ್ನೂರು ಮಕ್ಕಳೂ ಅರವತ್ತನಾಲ್ಕಕ್ಕೂ 'ಎಂದೂ ಇಲ್ಲ' ಅಂತ ಗುರುತು ಹಾಕಿ ಹತ್ತು ನಿಮಿಷದಲ್ಲಿ ಆಟಕ್ಕೆ ಹೋದರು. ಭೂಮಿಯ ಮೇಲೆ ಇಷ್ಟು ನೆಮ್ಮದಿಯ ಮಕ್ಕಳೇ ಇಲ್ಲ ಅಂತ ಮೇಡಂ ಪ್ರಬಂಧ ಬರೆಯೋಕೆ ಶುರು ಮಾಡಿದ್ದರಂತೆ. ಪುಣ್ಯಕ್ಕೆ ಇಸ್ಕೂಲಿನ ಜವಾನ, "ಅಮ್ಮಾವ್ರೇ, ಅದನ್ನ ಎದುರುಮನೆಯೋರಿಗೆ ಕೊಡಿ" ಅಂದ.

ಹಾಳೆ ನನ್ನ ಕೈಗೆ ಬಂತು. ನಾನು ಅರವತ್ತನಾಲ್ಕಕ್ಕೂ 'ಯಾವಾಗಲೂ' ಅಂತ ಹಾಕಿ, ಜಾಗ ಸಾಲದೆ ಹಿಂದುಗಡೆಯೂ ಬರೆದೆ. ಓದಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಅಂಜಿನಪ್ಪನವರೆ, ನಿಮಗೆ ಏನೇನು ಯಾವ ಹೊತ್ತಿಗೆ ಬರುತ್ತೆ ಅಂತ ಮೂರು ವಾರ ಬರೆದಿಡ್ತೀರಾ?" ಅಂದರು. ಗಿರಾಕಿ ಹೇಗೂ ಇರಲಿಲ್ಲ, ಬರೆದೆ. ಮೂರು ವಾರ ಆದ ಮೇಲೆ ಒಂದು ಮಧ್ಯಾಹ್ನ ಅವರು ದೊಡ್ಡ ಹಾಳೆಯಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಗೆರೆ ಎಳೆದು ತಂದು ನನ್ನ ಕನ್ನಡಿಗೆ ಅಂಟಿಸಿದರು. ದಿನವಿಡೀ ಗೆರೆ ಸಣ್ಣಗೆ ಏರಿ ಇಳಿದು ಹೋಗುತ್ತಿತ್ತು, ಏಳೂಕಾಲಿಗೆ ಮಾತ್ರ ಬೆಟ್ಟದ ಹಾಗೆ ಎದ್ದಿತ್ತು.

"ಏಳೂಕಾಲಿಗೆ ಏನಾಗುತ್ತೆ?" ಅಂದರು.

"ಆ ಹೊತ್ತಿಗೆ ನಾನು ಒಂದು ಒಳ್ಳೇ ಕೆಲಸ ಮುಗಿಸಿ ಬಂದಿರ್ತೀನಿ ಮೇಡಂ. ವರದಿ ಕೊಟ್ಟು."

"ಮಂಗಳವಾರ ಯಾಕೆ ಬೆಟ್ಟ ಇಲ್ಲ?"

"ಮಂಗಳವಾರ ವರದಿಗೆ ರಜೆ."

ಮೇಡಂ ಮಂಗಳವಾರದ ಗೆರೆಯ ಮೇಲೆ ಬೆರಳಿಟ್ಟರು. ನಾನು ಕನ್ನಡಿ ಕಡೆ ತಿರುಗಿದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಹೊಟ್ಟೆ ನೊಂದಷ್ಟೂ ನಾನು ಮಾರನೇ ದಿನ ಇನ್ನಷ್ಟು ಬಿಡಿಸಿ ಬಿಡಿಸಿ ಹೇಳುತ್ತಿದ್ದೆ, ಹನ್ನೊಂದು ಹತ್ತಕ್ಕೆ ಅಳು, ಎರಡೂವರೆಗೆ ಅವಮಾನ ಅಂತ. ನಾನು ಕಾಫಿ ಲೋಟ ಕೆಳಗಿಟ್ಟು ಹೊರಗೆ ಬಂದ ಮೇಲೆ ಆ ಮನೆಯಲ್ಲಿ ಆ ಮಗುವಿಗೆ ಏನಾಗುತ್ತೆ ಅಂತ ಐದು ತಿಂಗಳಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಇವತ್ತಿನಿಂದ ವರದಿಗೆ ಹೋಗಲ್ಲ ಅಂತ ಮೇಡಂಗೆ ಮಾತು ಕೊಟ್ಟೆ.

ಅವತ್ತು ಸಂಜೆ ಓಂಕಾರಪ್ಪನವರು ಶೇವಿಂಗ್‌ಗೆ ಬಂದರು. ಮಾರನೇ ದಿನ ಬೆಳಿಗ್ಗೆ ಎಲ್ಲೋ ನಲ್ಲಿ ಉದ್ಘಾಟನೆ ಇತ್ತು. ಮೂರನೇ ಅರ್ಜಿಯನ್ನು ಅವರೇ ಬರೆಸಿ ತಂದಿದ್ದರು. "ಒಂದು ಸೈನ್ ಬಿಸಾಕಯ್ಯ ಅಂಜಿನಪ್ಪ, ನಿನ್ನ ಕತ್ತಿ ನೆಟ್ಟಗಾಗುತ್ತೆ. ಈ ವಾರ್ಡಿನ ಕೆನ್ನೆಗಳ ಜವಾಬ್ದಾರಿ ನನ್ನ ಮೇಲಿದೆ," ಅಂದರು. ಶೇವಿಂಗ್ ಮುಗಿಸಿ ಮಾಡ್ತೀನಿ ಅಂದೆ. ನಿಜ ಹೇಳ್ತೀನಿ, ಮಾಡೋದು ಅಂತಲೇ ಮನಸ್ಸಲ್ಲಿತ್ತು. ಹೆಂಡತಿಯ ಮುಖ, ಖಾಲಿ ಬೆಂಚು, ಎಲ್ಲ ಕಣ್ಣ ಮುಂದಿತ್ತು. ಅರ್ಜಿ ಅವರ ತೊಡೆ ಮೇಲೆ ಇತ್ತು. ಒಂದು ಕೆನ್ನೆ ಮುಗಿಸಿದೆ. ಗಡಿಯಾರ ಏಳು ಹೊಡೆಯಿತು, ನಾನು ಹೋಗಲಿಲ್ಲ. ಕತ್ತಿ ಇಟ್ಟು, ಇನ್ನೊಂದು ಕೆನ್ನೆಗೆ ನೊರೆ ಹಚ್ಚೋಕೆ ಬ್ರಶ್ ತಗೊಂಡೆ.

ವರದಿಯವನು ಬರಲಿಲ್ಲ ಅಂದರೆ ಹೇಳಬಾರದಂಥದ್ದು ಏನೋ ಆಗಿದೆ ಅಂತ ಹೆತ್ತವರು ತಿಳಿದುಕೊಳ್ಳುತ್ತಾರೆ ಅನ್ನೋದು ನನಗಾಗಲೀ ಮೇಡಂಗಾಗಲೀ ಹೊಳೆದಿರಲಿಲ್ಲ. ಏಳೂಕಾಲಿಗೆ ಬಂತು ನೋಡಿ! ಅಷ್ಟು ಜೋರಾಗಿ ಯಾವತ್ತೂ ಬಂದಿರಲಿಲ್ಲ. ಬಾಗಿಲು ಹಾಕಿಕೊಳ್ಳಬೇಕು ಅಂತ ಹೋದವನು ಬಾಗಿಲು ದಾಟಿಬಿಟ್ಟೆ. ಬ್ರಶ್ ಹಿಡಿದುಕೊಂಡೇ ಬೀದಿ ದಾಟಿದೆ. ಚೆನ್ನಾಜಮ್ಮ ಹಿಂದಿನಿಂದ, "ರೀ, ಬಂದಿರುವಾಗ ಹೋಗಬೇಡ್ರೀ, ಊರೋರು ನಗ್ತಾರೆ!" ಅಂತ ಕೂಗುತ್ತಿದ್ದಳು.

ಒಳಗೆ ತಿಪ್ಪೇಶ ಈ ಗೋಡೆಗೆ, ವನಜಾಕ್ಷಿ ಆ ಗೋಡೆಗೆ. ಮಧ್ಯದಲ್ಲಿ ಇಂಚರ, ಲೆಕ್ಕದ ಪುಸ್ತಕ ಎದೆಗೆ ಅವುಚಿಕೊಂಡು ನಿಂತಿದ್ದಳು. "ನಿಮ್ಮಪ್ಪಂಗೆ ಹೇಳು, ಮಗಳಿಗೆ ಏನಾಗಿದೆ ಅಂತ ಹೇಳೋಕೂ ಜನ ಹೆದರೋ ಹಾಗಾಯ್ತು ಅಂತ." ಹುಡುಗಿ ಅಪ್ಪನ ಕಡೆ ತಿರುಗಿ, "ಅಪ್ಪ, ಮಗಳಿಗೆ ಏನಾಗಿದೆ ಅಂತ ಹೇಳೋಕೂ ಜನ ಹೆದರೋ ಹಾಗಾಯ್ತಂತೆ" ಅಂದಳು. "ನಿಮ್ಮಮ್ಮಂಗೆ ಹೇಳು, ಹಗಲೆಲ್ಲ ಮಿಷನ್ ತುಳಿಯೋದು ಬಿಟ್ಟು ಮಗಳ ಮುಖ ನೋಡಿದ್ರೆ ಹೀಗಾಗ್ತಿರಲಿಲ್ಲ ಅಂತ." ಅವಳು ಅಮ್ಮನ ಕಡೆ ತಿರುಗಿದಳು. ಅಕ್ಷರ ಬಿಡದೆ ಹಾಗೇ ಒಪ್ಪಿಸಿದಳು. ಮುಖ ತೊಳೆದ ತಟ್ಟೆ. ಅವಳು ಬಾಯಿ ತೆರೆದಾಗೆಲ್ಲ ನನ್ನ ಎದೆಯೊಳಗೆ ಯಾರೋ ಕೈ ಹಾಕಿ ಹಿಂಡುತ್ತಿದ್ದರು.

ನಾನು ಅವರ ನಡುಮನೆಯಲ್ಲಿ ಕುಕ್ಕರಿಸಿ ಕೂತು ಗೊಳೋ ಅಂತ ಅತ್ತೆ. ಐವತ್ತೆರಡು ವರ್ಷದ ಗಂಡಸು, ಪೊದೆ ಮೀಸೆ, ಕೈಯಲ್ಲಿ ಬ್ರಶ್, ಮೂಗಿಂದ ಸುರಿಯುತ್ತಿದೆ. "ನನ್ನನ್ನ ಮಧ್ಯೆ ನಿಲ್ಲಿಸಬೇಡಿ!" ಅಂತ ಕಿರುಚಿದೆ. "ನಂಗೆ ಹೇಳಬೇಡಿ, ನೀವು ನೀವೇ ಹೇಳ್ಕೊಳ್ಳಿ! ನಂಗೆ ಭಯ ಆಗುತ್ತೆ! ಯಾರ ಕಡೆ ತಿರುಗಿದ್ರೂ ಇನ್ನೊಬ್ಬರಿಗೆ ಬೆನ್ನು ಹಾಕಬೇಕಲ್ಲ!" ಕಾಲು ಬಡಿದೆ, ನೆಲ ಗುದ್ದಿದೆ. ನಾಚಿಕೆ ಮಾನ ಒಂದೂ ಇರಲಿಲ್ಲ.

ತಿಪ್ಪೇಶನ ಬಾಯಿ ತೆರೆದದ್ದು ತೆರೆದೇ ಇತ್ತು. ಐದು ತಿಂಗಳಿಂದ ಅವರು ಕೇಳಿದ್ದು 'ಹನ್ನೊಂದು ಹತ್ತಕ್ಕೆ ಅಳು, ಏಳೂಕಾಲಿಗೆ ಬೇಜಾರು' ಅನ್ನೋ ಬರೀ ಪಟ್ಟಿ, ತಲೆ ಬಾಚಿಕೊಂಡು ಬಂದವನ ಬಾಯಿಂದ, ಕಾಫಿ ಜೊತೆ. ಅದರ ನಿಜವಾದ ರೂಪ ಕಂಡದ್ದು ಅವತ್ತೇ. ವನಜಾಕ್ಷಿ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಇಷ್ಟೊಂದಾ?" ಅಂದಳು. "ದಿನಾ ಇಷ್ಟೊಂದಾ?"

ಅಷ್ಟರಲ್ಲಿ ಬಾಗಿಲಲ್ಲಿ ಓಂಕಾರಪ್ಪನವರು ಬಂದು ನಿಂತರು. ಕುತ್ತಿಗೆಗೆ ನನ್ನ ಅಂಗಡಿಯ ಬಿಳಿ ಬಟ್ಟೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ತುಂಬಾ ನೊರೆ, ಕೈಯಲ್ಲಿ ಅರ್ಜಿ. "ಏನಯ್ಯ ಅಂಜಿನಪ್ಪ, ಜನರ ಪ್ರತಿನಿಧಿಯನ್ನ ಅರ್ಧ ಕೆರೆದು ಓಡಿಬರೋದಾ? ಬೀದೀಲಿ ನಾಯಿ ಬೊಗಳ್ತಿದೆ ಕಣಯ್ಯ!" ಅಂದರು. ಅವರು ಬಾಯಿ ಆಡಿಸಿದ್ದಕ್ಕೆ ಒಂದು ಮುದ್ದೆ ನೊರೆ ಜಾರಿ ಅರ್ಜಿಯ ಮೇಲೆ ಪಚಕ್ ಅಂತ ಬಿತ್ತು. ಅಳುತ್ತಿದ್ದ ನನಗೆ ಎಲ್ಲಿಂದಲೋ ಕಿಸಕ್ಕಂತ ನಗು ಬಂತು. ತಡೆದೆ, ಆಗಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿ ನಕ್ಕೆ. ನಗು ನನ್ನದಲ್ಲ ಅಂತ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ನಾಲ್ಕೂ ಜನ ಇಂಚರಳ ಕಡೆ ತಿರುಗಿದೆವು. ಅವಳು ಓಂಕಾರಪ್ಪನವರ ಕೆನ್ನೆಯನ್ನೇ ನೋಡುತ್ತಾ ಸುಮ್ಮನೆ ನಿಂತಿದ್ದಳು.

"ನಿಮ್ಮಪ್ಪಂಗೆ ಹೇಳು..." ಅಂತ ವನಜಾಕ್ಷಿ ಶುರು ಮಾಡಿದವಳು ಅಲ್ಲಿಗೇ ನಿಂತಳು. ಗಂಡನ ಕಡೆ ತಿರುಗಿದಳು. "ರೀ," ಅಂದಳು, "ಅಂಜಿನಪ್ಪನೋರಿಗೆ ಒಂದು ಲೋಟ ನೀರು ತನ್ನಿ." ತಿಪ್ಪೇಶ, "ತಂದೆ ಕಣೇ, ತಂದೆ" ಅಂತ ಅಡುಗೆಮನೆಗೆ ಓಡಿ ಎರಡು ಲೋಟ ಬೀಳಿಸಿದ. ನನ್ನ ಹೊಟ್ಟೆಯೊಳಗಿನ ರುಬ್ಬುಗುಂಡು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ನೀರು ಕುಡಿದಷ್ಟು ಹಗುರವಾಗಿ ನನ್ನ ಜನ್ಮದಲ್ಲಿ ಏನನ್ನೂ ಕುಡಿದಿಲ್ಲ.

ಓಂಕಾರಪ್ಪನವರನ್ನು ಕರೆದುಕೊಂಡು ಬಂದು ಕೂರಿಸಿ, ಹೊಸದಾಗಿ ನೊರೆ ಹಚ್ಚಿ, ಉಳಿದ ಕೆನ್ನೆ ಶುರು ಮಾಡಿದೆ. ಕತ್ತಿ ಒರೆಸೋಕೆ ಕಾಗದ ಬೇಕಲ್ಲ, ಕೈಗೆ ಸಿಕ್ಕಿದ್ದರಲ್ಲಿ ಒರೆಸಿದೆ. "ಅಯ್ಯಯ್ಯೋ, ಅದು ಅರ್ಜಿ ಕಣಯ್ಯ!" ಅಂತ ಅವರು ಹಾರಿಬಿದ್ದರು. "ಗೊತ್ತು, ಅಲ್ಲಾಡಬೇಡಿ" ಅಂದೆ.

ಮಾರನೇ ದಿನ ಗಿರಾಕಿ ಬಂದರೋ ಬಿಟ್ಟರೋ, ನಾನಂತೂ ಏಳಕ್ಕೆ ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ಕೂತೇ ಇದ್ದೆ. ಏಳೂ ಐದಕ್ಕೆ ಇಂಚರ ಬೀದಿ ದಾಟಿ ತಾನೇ ಬಂದಳು. ಕೈಯಲ್ಲಿ ಕಾಫಿ ಲೋಟ, ಅವರಮ್ಮ ಕಳಿಸಿದ್ದು. ಲೋಟ ನನಗೆ ಕೊಟ್ಟು, ಪಕ್ಕದಲ್ಲಿ ಕೂತು, ಲಂಗ ಸರಿ ಮಾಡಿಕೊಂಡು ಕೇಳಿದಳು, "ಮಾಮ, ಇವತ್ತು ನಂಗೆ ಏನೇನಾಯ್ತು?"

ಇಷ್ಟು ವರ್ಷದಲ್ಲಿ ನಮ್ಮೂರಲ್ಲಿ ಯಾರೂ ವರದಿಯನ್ನು ಮಕ್ಕಳಿಗೆ ಕೊಟ್ಟವರಿಲ್ಲ. ಅವರದ್ದೇ ಆದರೂ ಅವರಿಗೆ ಹೇಳಬೇಕು ಅಂತ ಯಾವ ಬುದ್ಧಿವಂತನಿಗೂ ಹೊಳೆದಿರಲಿಲ್ಲ. "ಹನ್ನೊಂದಕ್ಕೆ ಭಯ ಆಯ್ತಮ್ಮ, ಅಂಗೈ ಬೆವರಿತು" ಅಂದೆ. ಅವಳು ಯೋಚಿಸಿ, "ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದ್ರು" ಅಂದಳು. "ಮಧ್ಯಾಹ್ನ ಊಟದ ಹೊತ್ತಿಗೆ ಖುಷಿ." "ಹೊಸ ಹುಡುಗಿ ಪಕ್ಕ ಕೂತ್ಕೊಂಡ್ಲು. ಚಿತ್ರಾನ್ನ ತಂದಿದ್ಲು." ಒಂದೊಂದನ್ನೂ ಅವಳು ತಲೆಯಾಡಿಸಿ ಕೇಳಿಸಿಕೊಂಡಳು, ಕಳೆದುಹೋದ ಪೆನ್ಸಿಲ್ಲು ರಬ್ಬರು ಒಂದೊಂದಾಗಿ ವಾಪಸ್ಸು ತಗೊಳ್ಳೋ ಹಾಗೆ.

"ಈಗ?" ಅಂದಳು.

ನಾನು ಎದೆ ಮೇಲೆ ಕೈ ಇಟ್ಟು ನೋಡಿಕೊಂಡೆ. ಅಲ್ಲಿ ಬೆಚ್ಚಗೆ ಏನೋ ಇತ್ತು. "ಈಗ ಚೆನ್ನಾಗಿದೆ ಕಣಮ್ಮ," ಅಂದೆ.

"ನಂದಾ, ನಿಮ್ಮದಾ?"

ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. "ಗೊತ್ತಾಗ್ತಾ ಇಲ್ಲ" ಅಂದೆ. ಇಬ್ಬರೂ ಅಲ್ಲೇ ಕೂತಿದ್ದೆವು, ಕಾಫಿ ಆರುವವರೆಗೆ.